ಗುಜರಿ ಬೆಲೆಗೆ ಬಂದ ಉಸಿರು

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಬೇಸಿಗೆಯಲ್ಲಿ ಬಡವಾಗಿ ಹರಿಯುತ್ತಾಳೆ. ಆಷಾಢ ಬಂತೆಂದರೆ ಅದೇ ಹೊಳೆ ಖಾನಾಪುರದ ಹೊಲ ಮನೆಗಳ ಬಾಗಿಲಿಗೆ ಬಂದು ನಿಲ್ಲುತ್ತದೆ. 2019ರ ಅಗಸ್ಟದ ಮಹಾಪೂರವನ್ನು ನಮ್ಮ ಜಿಲ್ಲೆ ಇನ್ನೂ ಮರೆತಿಲ್ಲ. ಹೊಳೆಯಲ್ಲಾಗಲಿ ಬಾವಿಯಲ್ಲಾಗಲಿ ಒಬ್ಬ ಮನುಷ್ಯ ಕಾಣೆಯಾದರೆ ಮೊದಲು ನೀರಿಗೆ ಬೀಳುವವನು ಊರಿನ ಈಜುಗಾರ. ಇಲಾಖೆಯ ಜೀಪು, ದಳದ ದೋಣಿ ಆಮೇಲಿನ ಮಾತು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಲಾರಿಯೊಂದು ಗಂಗಾವಳಿಯ ಪಾಲಾದಾಗಲೂ ನೌಕಾದಳದವರ ಜೊತೆಗೆ ಮಲ್ಪೆಯ ಈಶ್ವರ ಮಲ್ಪೆಯವರೂ ಅವರ ಸಂಗಾತಿಗಳೂ ನೀರಿಗಿಳಿದದ್ದನ್ನು ನಾಡೇ ನೋಡಿತು. ಲಾರಿ ಮೇಲೆ ಬಂದದ್ದು ಸೆಪ್ಟೆಂಬರ 25ಕ್ಕೆ.

ಇಂಥ ಕೆಲಸಕ್ಕೆ ನಿಲ್ಲುವ ತರುಣನಿಗೆ ಬೆನ್ನಿಗೊಂದು ಸಿಲಿಂಡರು ಇರಬೇಕೆಂದು ಆಸೆಯಾದರೆ ಅದು ತಪ್ಪಲ್ಲ. ಹೊಸ ಸ್ಕೂಬಾ ಸಾಮಾನು ಕೊಳ್ಳುವ ಶಕ್ತಿ ಮಗ್ಗದ ಕೂಲಿಯವನಿಗೂ ಇಲ್ಲ, ಖಡೇಬಜಾರದ ಚಿಕ್ಕ ಅಂಗಡಿಯವನಿಗೂ ಇಲ್ಲ. ಇತ್ತ ಚೋರ್ಲಾ ಘಾಟು ಇಳಿದರೆ ಗೋವೆ, ಅತ್ತ ಅಂಬೋಲಿ ಇಳಿದರೆ ಮಾಲವಣ. ಎರಡೂ ಕಡೆ ಪ್ರವಾಸಿಗಳನ್ನು ಸಮುದ್ರದಲ್ಲಿ ಮುಳುಗಿಸಿ ತೋರಿಸುವ ವ್ಯಾಪಾರ ಜೋರಾಗಿದೆ. ಅಲ್ಲಿ ಸವೆದ ಸಾಮಾನು ಅರ್ಧ ಬೆಲೆಗೆ ಸಿಕ್ಕರೆ ಬಿಡಲು ಮನಸ್ಸಾದೀತೆ? ಆದ್ದರಿಂದ ಹಳೆಯ ಸಾಧನವನ್ನು ಮನೆಯಲ್ಲೇ ತೊಳೆದು, ದುರಸ್ತಿ ಮಾಡಿ ಬಳಸಬಹುದೇ ಎಂಬ ಪ್ರಶ್ನೆಯನ್ನು ನಾವು ಕೈಗೆತ್ತಿಕೊಂಡಿದ್ದೇವೆ. ನಮ್ಮ ಉತ್ತರ ಹೀಗಿದೆ: ತೊಳೆಯುವುದು, ಒಣಗಿಸುವುದು, ಕಣ್ಣಿಟ್ಟು ನೋಡುವುದು ಮಾಲಿಕನ ಕೈಕೆಲಸ. ಸಿಲಿಂಡರಿನ ಪರೀಕ್ಷೆಯೂ ಉಸಿರಿನ ವಾಲ್ವಿನ ಒಡಲೂ ಅಂದಾಜಿನ ಮೇಲೆ ನಡೆಯುವ ಕೆಲಸಗಳಲ್ಲ.

ಈ ಯಂತ್ರದ ಹುಟ್ಟನ್ನು ನಮ್ಮ ಕಾಮಗಾರರು ತಿಳಿಯುವುದು ಒಳ್ಳೆಯದು. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ತೋ, ಇಂಜಿನಿಯರ ಎಮಿಲ್ ಗಾನ್ಯಾಂ ಇಬ್ಬರೂ ಸೇರಿ ಇದಕ್ಕೆ ರೂಪ ಕೊಟ್ಟರು. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಮೋಟಾರುಗಳನ್ನು ಅನಿಲದ ಮೇಲೆ ಓಡಿಸುತ್ತಿದ್ದರು. ಇಂಜಿನು ಎಳೆದಷ್ಟೇ ಅನಿಲ ಬಿಡುವ ಒಂದು ವಾಲ್ವನ್ನು ಗಾನ್ಯಾಂ ಆಗ ಮಾಡಿದ್ದರು. ಅದನ್ನೇ ಮನುಷ್ಯನ ಉಸಿರಿಗೆ ಹೊಂದಿಸಿದರು. ಅಂದರೆ ಇದು ಗ್ಯಾರೇಜಿನ ಮಗು, ರಾಜಮನೆತನದ್ದಲ್ಲ. ಸಿಲಿಂಡರಿನಲ್ಲಿ ಇರುವುದು ಒತ್ತಿ ತುಂಬಿದ ಬರೀ ಗಾಳಿ. ನಮ್ಮ ದಿನಪತ್ರಿಕೆಗಳು ಪ್ರತಿಸಲವೂ ‘ಆಮ್ಲಜನಕದ ಸಿಲಿಂಡರು ಕಟ್ಟಿಕೊಂಡು’ ಎಂದೇ ಬರೆಯುತ್ತವೆ. ಅದನ್ನು ನಂಬಿ ವೆಲ್ಡಿಂಗ ಅಂಗಡಿಯ ಆಮ್ಲಜನಕ ತುಂಬಿಸಿಕೊಂಡವನ ಗತಿಯೇನು? ಶುದ್ಧ ಆಮ್ಲಜನಕವನ್ನು ಆರೇಳು ಮೀಟರಿನ ಕೆಳಗೆ ಉಸಿರಾಡಿದರೆ ಅದೇ ವಿಷವಾಗಿ, ಮೈಗೆ ಸೆಳವು ಬಂದು, ಬಾಯೊಳಗಿನ ನಳಿಗೆ ಕಳಚಿ ಬೀಳುತ್ತದೆ.

ಮನೆಯ ಕೆಲಸ ಮೊದಲು ಹೇಳೋಣ. ನೀರಿನಿಂದ ಮೇಲೆ ಬಂದ ದಿನವೇ ಎಲ್ಲವನ್ನೂ ಸಿಹಿನೀರಿನಲ್ಲಿ ನೆನೆಸಿ ತೊಳೆಯಬೇಕು. ಉಪ್ಪು ಒಣಗಿ ಹರಳಾದರೆ ರಬ್ಬರನ್ನು ಕೊರೆಯುತ್ತದೆ. ಹೊಳೆಯ ಕೆಸರೂ ಮರಳೂ ಅಷ್ಟೇ ಕೆಟ್ಟವು. ರೆಗ್ಯುಲೇಟರನ್ನು ನೀರಿಗೆ ಹಾಕುವ ಮುನ್ನ ಅದರ ಬಾಯಿಗೆ ಒಣ ಮುಚ್ಚಳ ಬಿಗಿದಿರಬೇಕು, ನೆನೆಯುತ್ತಿರುವಾಗ ಅದರ ಗುಂಡಿಯನ್ನು ಒತ್ತಬಾರದು. ಒತ್ತಿದರೆ ನೀರು ಒಳಹೊಕ್ಕು ಮೊದಲ ಹಂತದವರೆಗೆ ಹೋಗುತ್ತದೆ. ತೇಲುಅಂಗಿಯ ಒಳಚೀಲಕ್ಕೂ ಸಿಹಿನೀರು ಹೊಯ್ದು, ಅಲುಗಿಸಿ, ಬರಿದು ಮಾಡಿ, ಅರ್ಧ ಗಾಳಿ ತುಂಬಿ ನೆರಳಲ್ಲಿ ತೂಗುಹಾಕಬೇಕು. ಬಿಸಿಲಿಗೆ ಹಾಕುವುದು ಬೇಡ. ಖಾನಾಪುರದ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಪೆಟ್ಟಿಗೆಯಲ್ಲಿಟ್ಟ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಲ್ಲಿಯವರು ಈ ಸಾಮಾನನ್ನು ಗಾಳಿಯಾಡುವ ಅಟ್ಟದ ಮೇಲೆ, ಒಲೆಯ ಹೊಗೆಗೆ ದೂರವಾಗಿ ಇಟ್ಟುಕೊಳ್ಳಬೇಕು. ರಬ್ಬರು ನಳಿಗೆಗಳನ್ನು ತುದಿಯ ಹತ್ತಿರ ಬಾಗಿಸಿ ಬಿರುಕು ಹುಡುಕಬೇಕು. ಕಂಡರೆ ಟೇಪು ಸುತ್ತಿ ಮುಚ್ಚುವ ಜಾಣತನ ಬೇಡ, ನಳಿಗೆ ಹೊಸದಾಗಲಿ.

ಎಣ್ಣೆಯ ವಿಷಯ ಬೇರೆಯೇ ಹೇಳಬೇಕು. ಲಾಳಿಗೆ, ಲೇಥಿಗೆ, ಸೈಕಲ್ಲಿಗೆ ಎಣ್ಣೆ ಹಾಕಿ ಪಳಗಿದ ಕೈ ನಮ್ಮದು. ಬಿಗಿಯಾದ ವಾಲ್ವು ಕಂಡೊಡನೆ ಕೊಬ್ಬರಿ ಎಣ್ಣೆಯ ಬಾಟಲಿಗೋ ಗ್ರೀಸಿನ ಡಬ್ಬಿಗೋ ಕೈ ಹೋಗುತ್ತದೆ. ಇಲ್ಲಿ ಎರಡೂ ವರ್ಜ್ಯ. ಒಂದು, ಆ ಆವಿಯನ್ನು ನೀವೇ ಉಸಿರಾಡುತ್ತೀರಿ. ಎರಡು, ಗ್ರೀಸು ರಬ್ಬರಿನ ಉಂಗುರವನ್ನು ಉಬ್ಬಿಸಿ ಕೆಡಿಸುತ್ತದೆ. ಮೇಲಾಗಿ ಆಮ್ಲಜನಕ ಹೆಚ್ಚಿರುವ ಗಾಳಿ ಅಧಿಕ ಒತ್ತಡದಲ್ಲಿ ಎಣ್ಣೆಗೆ ಸೋಕಿದರೆ ಬೆಂಕಿ. ಈ ಕೆಲಸಕ್ಕೆಂದೇ ಬೇರೆ ಗ್ರೀಸು ಇದೆ, ಅದೂ ತೆಳುವಾದ ಲೇಪ ಸಾಕು.

ಇನ್ನು ಸಿಲಿಂಡರು. ಕಾರಿನ ಟೈರಿನಲ್ಲಿ ಸುಮಾರು 2 ಬಾರ್ ಒತ್ತಡ. ಸ್ಕೂಬಾ ಸಿಲಿಂಡರಿನಲ್ಲಿ 200. ಟೈರು ಒಡೆದರೆ ಎದೆ ಝಲ್ಲೆನ್ನುತ್ತದೆ, ಇದು ಒಡೆದರೆ ಮನೆಯ ಗೋಡೆ ನಿಲ್ಲುವುದಿಲ್ಲ. ಕೊಳ್ಳುವಾಗ ಹೊಸ ಬಣ್ಣಕ್ಕೆ ಮರುಳಾಗಬೇಡಿ, ಹೆಗಲ ಮೇಲೆ ಕೊರೆದ ಅಕ್ಷರ ಓದಿ: ಲೋಹ ಯಾವುದು, ಒತ್ತಡ ಎಷ್ಟು, ಕೊನೆಯ ಪರೀಕ್ಷೆ ಯಾವ ತಿಂಗಳು, ಯಾವ ವರ್ಷ. ಅಕ್ಷರ ಉಜ್ಜಿ ಹೋಗಿದ್ದರೆ ಬೆಲೆ ಕೇಳಲೂ ಬೇಡಿ. 1980ರ ದಶಕದ ಕೊನೆಯವರೆಗೂ 6351 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಸಿಲಿಂಡರುಗಳು ಬರುತ್ತಿದ್ದವು. ಅವುಗಳ ಕತ್ತಿನಲ್ಲಿ ಕಾಲಾಂತರದಲ್ಲಿ ಬಿರುಕು ಬಿಟ್ಟು ಕೆಲವು ಸಿಡಿದೂ ಇವೆ. ಅಲ್ಯೂಮಿನಿಯಂ ಸಿಲಿಂಡರನ್ನು ಭಟ್ಟಿಯಲ್ಲಿ ಸುಟ್ಟು ಬಣ್ಣ ಕೂರಿಸುವುದಂತೂ ಅಪರಾಧಕ್ಕೆ ಸಮ, ಕಾವಿಗೆ ಲೋಹದ ಬಲವೇ ಹೋಗುತ್ತದೆ. ಹಿಂಡಾಲ್ಕೊ ಕಾರ್ಖಾನೆಯ ನೆರಳಲ್ಲಿ ಬಾಳಿದ ನಮ್ಮ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಕ್ಕಿನದಾದರೆ ಒಳಗಿನ ತುಕ್ಕು ನೋಡಬೇಕು. ಒಳಗೆ ನೀರಿಳಿದು ತಿಂಗಳುಗಟ್ಟಲೆ ಮುಚ್ಚಿಟ್ಟ ಸಿಲಿಂಡರಿನಲ್ಲಿ ತುಕ್ಕು ಹಿಡಿಯುತ್ತಾ ಆಮ್ಲಜನಕವನ್ನೇ ತಿಂದುಬಿಡುತ್ತದೆ. ಮುಳ್ಳು ತುಂಬಿದೆ ಎಂದು ತೋರಿಸುತ್ತದೆ, ಉಸಿರಾಡಿದವನಿಗೆ ಎಚ್ಚರ ತಪ್ಪುತ್ತದೆ.

ಪರೀಕ್ಷೆಯ ರೀತಿ ಸರಳ. ಸಿಲಿಂಡರಿಗೆ ನೀರು ತುಂಬಿ, ಕೆಲಸದ ಒತ್ತಡದ ಒಂದೂವರೆ ಪಟ್ಟಿಗೂ ಏರಿಸಿ, ಅದು ಎಷ್ಟು ಉಬ್ಬಿ ಎಷ್ಟು ಮರಳಿತು ಎಂದು ಅಳೆಯುತ್ತಾರೆ. ನೀರು ಕುಗ್ಗದ ವಸ್ತುವಾದ್ದರಿಂದ ಒಡೆದರೂ ಸಿಡಿಯುವುದಿಲ್ಲ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಇದನ್ನು ಮಾಡುವ ಅಧಿಕಾರ ಮಾನ್ಯತೆ ಪಡೆದ ಕೇಂದ್ರಕ್ಕೆ ಮಾತ್ರ. ಮಾನ್ಯತೆ ಕೊಡುವ ಸ್ಫೋಟಕ ನಿಯಂತ್ರಣ ಇಲಾಖೆಯ ಮುಖ್ಯ ಕಚೇರಿ ನಾಗಪುರದಲ್ಲಿದೆ. ಗಾಳಿ ತುಂಬಿಸುವುದೂ ಉಸಿರಿನ ಗಾಳಿಗೆಂದೇ ಸೋಸುಗವಿರುವ ಕಂಪ್ರೆಸರಿನಿಂದ. ಪೆಟ್ರೋಲು ಇಂಜಿನಿನ ಹೊಗೆ ಅದರ ಬಾಯಿಗೆ ಹೋದರೆ ಇಂಗಾಲದ ವಿಷಾನಿಲ ಸಿಲಿಂಡರು ಸೇರುತ್ತದೆ, ಆಳಕ್ಕೆ ಇಳಿದಷ್ಟೂ ಅದರ ಪೆಟ್ಟು ಹೆಚ್ಚು. ಈ ಸಾಲಿನಲ್ಲಿ ನಾವು ಯಾವ ರಿಯಾಯಿತಿಯನ್ನೂ ಕೇಳುವುದಿಲ್ಲ.

ಆದರೆ ರೆಗ್ಯುಲೇಟರಿನ ವಿಷಯದಲ್ಲಿ ನಮ್ಮ ತಕರಾರಿದೆ. ಅದು 200 ಬಾರ್ ಒತ್ತಡವನ್ನು ಮೊದಲ ಹಂತದಲ್ಲಿ ಸುತ್ತಲಿನ ನೀರಿಗಿಂತ ಹತ್ತು ಬಾರ್‌ನಷ್ಟು ಹೆಚ್ಚಿಗೆ ಇಳಿಸಿ, ಎರಡನೆಯದರಲ್ಲಿ ಉಸಿರಿಗೆ ಸರಿಹೊಂದಿಸುತ್ತದೆ. ಒಳಗಿರುವುದು ಸ್ಪ್ರಿಂಗು, ಪೊರೆ, ಕೂರುಮಣೆ, ಕೆಲವು ರಬ್ಬರು ಉಂಗುರಗಳು. ಉದ್ಯಮಬಾಗದಲ್ಲಿ ವಾಲ್ವು, ಹೈಡ್ರಾಲಿಕ್ ಭಾಗಗಳನ್ನು ಕೂದಲೆಳೆಯ ಅಳತೆಗೆ ತಿರುಗಿಸುವ ಕಾಮಗಾರನಿಗೆ ಇದು ದೇವರ ಗುಟ್ಟಲ್ಲ. ಆದರೂ ಅನೇಕ ಕಂಪನಿಗಳು ಬಿಡಿಭಾಗದ ಪೊಟ್ಟಣವನ್ನೂ ದುರಸ್ತಿಯ ಕೈಪಿಡಿಯನ್ನೂ ತಮ್ಮ ಒಪ್ಪಿಗೆಯ ಏಜಂಟರಿಗೆ ಹೊರತು ಯಾರಿಗೂ ಮಾರುವುದಿಲ್ಲ. ಸುರಕ್ಷತೆಯ ಮಾತು ಹೇಳಿ ಬೀಗ ಹಾಕುತ್ತಾರೆ, ಬೀಗದ ಕೈಗೆ ಬಾಡಿಗೆ ವಸೂಲು ಮಾಡುತ್ತಾರೆ. ಅಳತೆ ಗೊತ್ತಿಲ್ಲದ ಜಾಣ ಕೈ ಬಚ್ಚಲಮನೆಯ ನಲ್ಲಿಯ ವಾಷರು ತುರುಕುವುದು ಈ ಬೀಗದಿಂದಲೇ. ಹತ್ತು ಮೀಟರು ಕೆಳಗೆ ಆ ವಾಷರು ಕೈಕೊಟ್ಟರೆ ಗಾಬರಿಯಲ್ಲಿ ಉಸಿರು ಕಟ್ಟಿ ಮೇಲೇಳುತ್ತಾನೆ. ಆಗ ಎದೆಯೊಳಗಿನ ಗಾಳಿ ಎರಡು ಪಟ್ಟು ಹಿಗ್ಗಿ ಪುಪ್ಪುಸವನ್ನು ಹರಿಯುತ್ತದೆ. ಕೇಂದ್ರ ಸರಕಾರ 2022ರಲ್ಲಿ ದುರಸ್ತಿಯ ಹಕ್ಕಿಗೆಂದು ಸಮಿತಿ ಮಾಡಿ, ಕೃಷಿ ಸಲಕರಣೆ, ಮೊಬೈಲು, ಗೃಹೋಪಯೋಗಿ ಯಂತ್ರ, ಮೋಟಾರು ವಾಹನ ಎಂದು ನಾಲ್ಕು ಕ್ಷೇತ್ರ ಆರಿಸಿತು. ಮನುಷ್ಯ ಉಸಿರಾಡುವ ಯಂತ್ರ ಆ ಪಟ್ಟಿಯಲ್ಲಿರಲಿಲ್ಲ. ತರಬೇತಿಯಾದ ಕೈಗೆ ಕೈಪಿಡಿ, ಅಸಲು ಬಿಡಿಭಾಗ, ಒತ್ತಡ ಅಳೆಯುವ ಗೇಜು ಸಿಗಲೇಬೇಕು. ಅಲ್ಲಿಯವರೆಗೆ ಅದನ್ನು ಮನೆಯಲ್ಲಿ ಬಿಚ್ಚಬೇಡಿರೆಂದೇ ನಾವು ಹೇಳುತ್ತೇವೆ, ಹೇಳುವಾಗ ನಮಗೆ ಸಿಟ್ಟೂ ಇದೆ.

ಸಾಧನ ಸರಿಯಿದ್ದ ಮಾತ್ರಕ್ಕೆ ಹೊಳೆಗೆ ಇಳಿಯಲಾಗದು. ಕಣ್ಣಿಗೆ ಕೈ ಕಾಣದ ಕೆಸರು, ಎಳೆಯುವ ಸೆಳವು, ಬೇರು ಬಳ್ಳಿ ಇರುವ ಮಲಪ್ರಭೆ ಪ್ರವಾಸಿಗಳ ನೇತ್ರಾಣಿಯ ತಿಳಿನೀರಲ್ಲ. ಮಾಲವಣದ ಹತ್ತಿರ ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮ ಮುಳುಗು ತರಬೇತಿಯ ಸಂಸ್ಥೆ ಕಟ್ಟಿದೆ. ನಮ್ಮ ಜಿಲ್ಲಾಡಳಿತ ಖಾನಾಪುರದ ಹೊಳೆದಂಡೆಯ ಊರುಗಳಿಂದ ಹತ್ತು ಈಜುಗಾರರನ್ನು ಆರಿಸಿ ಅಂಥಲ್ಲಿಗೆ ಕಳಿಸಲಿ. ಕಲಿತು ಬಂದವರ ಸಾಧನ ಒಬ್ಬೊಬ್ಬರ ಮನೆಯ ಮೂಲೆಯಲ್ಲಿ ಬೀಳದೆ ಸಹಕಾರಿ ರೀತಿಯಲ್ಲಿ ಒಂದೆಡೆ ಇರಲಿ, ಒಂದು ದಾಖಲೆ ವಹಿ ಇರಲಿ. ತೊಳೆದವನು ಯಾರು, ತುಂಬಿಸಿದ್ದು ಎಲ್ಲಿ, ಮುಂದಿನ ಪರೀಕ್ಷೆ ಯಾವಾಗ ಎಂದು ಅದರಲ್ಲಿ ಬರೆಯಬೇಕು. ಪರೀಕ್ಷೆಯ, ದುರಸ್ತಿಯ, ಸಾಗಾಟದ ಖರ್ಚು ವಿಪತ್ತು ನಿಧಿಯಿಂದ ಹೋಗಲಿ. ಹೆಣ ಹುಡುಕಲು ಕರೆಯುವಾಗ ಈಜುಗಾರನ ಹೆಸರು ತಹಶೀಲ್ದಾರ ಕಚೇರಿಗೆ ನೆನಪಿರುತ್ತದೆ. ಮಳೆ ಹಿಡಿಯುವ ಮುನ್ನ ಸಭೆ ಸೇರುವಾಗಲೂ ಆ ಹೆಸರು ಅವರಿಗೆ ನೆನಪಾಗಬೇಕು.