ದರ ಕುಸಿಯಿತು, ಗಂಟೆ ಮೊಳಗಲಿಲ್ಲ: ಹೊಣೆ ಯಾರದು?

ಬೆಂಗಳೂರು: ಅದು 2024ರ ಜೂನ್ 4, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ. ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ಹಿಂದಿನ ದಿನವಷ್ಟೇ 2,507 ಅಂಕ ಜಿಗಿದಿದ್ದ ಮುಂಬಯಿ ಷೇರುಪೇಟೆಯ ಸಂವೇದಿ ಸೂಚ್ಯಂಕ, ಅಂದು 4,389 ಅಂಕ ಕಳೆದುಕೊಂಡು 72,079ಕ್ಕೆ ಬಂದು ನಿಂತಿತು. ಪೇಟೆ ಹೀಗೆ ಕುಸಿಯುತ್ತಿದ್ದ ಹೊತ್ತಿನಲ್ಲೇ ಬ್ರೋಕರೇಜ್ ಆಪ್‌ಗಳು ಸ್ಪಂದಿಸುತ್ತಿಲ್ಲ ಎಂಬ ದೂರುಗಳು ದೇಶದ ನಾನಾ ಕಡೆಗಳಿಂದ ಕೇಳಿಬಂದವು.

ಇಂಥ ಪ್ರತಿಯೊಂದು ಕುಸಿತದ ನಂತರವೂ ಮರುಕಳಿಸುವ ಅಳಲೊಂದಿದೆ. ಷೇರಿನ ದರ ಇಂತಿಷ್ಟಕ್ಕೆ ಇಳಿದರೆ ತಿಳಿಸು ಎಂದು ಹೂಡಿಕೆದಾರ ಮೊಬೈಲಿನಲ್ಲಿ ಗುರುತು ಹಾಕಿರುತ್ತಾನೆ. ದರ ಇಳಿಯುತ್ತದೆ, ಮೊಬೈಲು ಮಾತ್ರ ಮೌನವಾಗಿರುತ್ತದೆ. ಸಂಜೆ ಕಚೇರಿಯಿಂದ ಹೊರಬಂದು ನೋಡುವಾಗ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಸ್ಥಿತಿ. ಪ್ರೈಸ್ ಅಲರ್ಟ್ ಎಂದು ಕರೆಯಲಾಗುವ ಈ ದರ ಎಚ್ಚರಿಕೆ ಕೈಕೊಡುವುದೇಕೆ? ಕೈಕೊಟ್ಟರೆ ಉತ್ತರ ಹೇಳಬೇಕಾದವರು ಯಾರು?

ಪ್ರಶ್ನೆ ಸಣ್ಣದೆನಿಸಬಹುದು, ಆದರೆ ಅದಕ್ಕೆ ಒಳಪಟ್ಟ ಜನಸಂಖ್ಯೆ ಸಣ್ಣದಲ್ಲ. 2020ರ ಮಾರ್ಚ್ ಅಂತ್ಯಕ್ಕೆ ಸುಮಾರು 4 ಕೋಟಿಯಷ್ಟಿದ್ದ ದೇಶದ ಡಿಮ್ಯಾಟ್ ಖಾತೆಗಳ ಸಂಖ್ಯೆ 2025ರ ಆಗಸ್ಟ್‌ನಲ್ಲಿ 20 ಕೋಟಿಯನ್ನು ದಾಟಿತು. ಹೊಸದಾಗಿ ಬಂದವರಲ್ಲಿ ಬಹುಪಾಲು ಜನರಿಗೆ ಷೇರುಪೇಟೆ ಎಂದರೆ ಅಂಗೈಯಲ್ಲಿರುವ ಆಪ್.

ಅಂದು ಬ್ರೋಕರ್, ಇಂದು ಯಂತ್ರ

1963ರಲ್ಲಿ ಆರಂಭವಾಗಿದ್ದ ಬೆಂಗಳೂರು ಷೇರು ವಿನಿಮಯ ಕೇಂದ್ರ 2014ರ ಡಿಸೆಂಬರ್‌ನಲ್ಲಿ ವ್ಯವಹಾರದಿಂದ ನಿರ್ಗಮಿಸಿತು. ಆ ಕಾಲದ ಹೂಡಿಕೆದಾರನಿಗೆ ದರದ ಸುದ್ದಿ ಮುಟ್ಟಿಸುತ್ತಿದ್ದವನು ಪರಿಚಯದ ಬ್ರೋಕರ್. ಮನೆಯಲ್ಲಿ ದೂರವಾಣಿ ಎತ್ತದಿದ್ದರೆ ಆತ ಮತ್ತೊಮ್ಮೆ ಪ್ರಯತ್ನಿಸುತ್ತಿದ್ದ, ಇಲ್ಲವೇ ಕಚೇರಿಗೆ ಕರೆ ಮಾಡುತ್ತಿದ್ದ. ಆ ಸ್ಥಾನವನ್ನು ಇಂದು ಯಂತ್ರ ಆಕ್ರಮಿಸಿದೆ. ಯಂತ್ರ ಸಾಮಾನ್ಯವಾಗಿ ಒಮ್ಮೆ ಸಂದೇಶ ಕಳುಹಿಸಿ ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಗುತ್ತದೆ. ಸಂದೇಶವನ್ನು ಓದಿದರೇ ಇಲ್ಲವೇ ಎಂಬುದು ಅದಕ್ಕೆ ಬೇಕಿಲ್ಲ.

ಐದು ಕೈ ದಾಟುವ ಸಂದೇಶ

ದರ ಎಚ್ಚರಿಕೆಯೊಂದು ಹೂಡಿಕೆದಾರನನ್ನು ತಲುಪಲು ಐದು ಹಂತಗಳನ್ನು ದಾಟಬೇಕು. ಆತ ಹಾಕಿದ ಷರತ್ತು, ವಿನಿಮಯ ಕೇಂದ್ರದ ದರ, ಬ್ರೋಕರ್ ಕಂಪನಿಯ ಸರ್ವರ್, ಸಂದೇಶ ಹೊತ್ತೊಯ್ಯುವ ಗೂಗಲ್ ಅಥವಾ ಆಪಲ್ ಸಂಸ್ಥೆಯ ವ್ಯವಸ್ಥೆ ಮತ್ತು ಕೊನೆಯದಾಗಿ ಕೈಯಲ್ಲಿರುವ ಮೊಬೈಲು. ಯಾವ ಕೊಂಡಿ ಕಳಚಿದರೂ ಫಲಿತಾಂಶ ಒಂದೇ, ಮೌನ.

ಮೊದಲನೆಯ ಕೊಂಡಿ ಷರತ್ತಿನದು. ಅನೇಕ ಆಪ್‌ಗಳಲ್ಲಿ ಎಚ್ಚರಿಕೆಗೆ ಅವಧಿಯುಂಟು, ಅವಧಿ ತೀರಿದರೆ ಅದು ರದ್ದಾಗುತ್ತದೆ. ಕೆಲವು ಒಂದು ಬಾರಿ ಮೊಳಗಿದ ಬಳಿಕ ಮತ್ತೆ ಮೊಳಗುವುದಿಲ್ಲ. ಬೋನಸ್ ಷೇರು ಅಥವಾ ಮುಖಬೆಲೆ ವಿಭಜನೆಯ ಸಂದರ್ಭದಲ್ಲಿ ಗೊಂದಲ ಇನ್ನೂ ಹೆಚ್ಚು. 2025ರ ಆಗಸ್ಟ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ ಒಂದಕ್ಕೆ ಒಂದರಂತೆ ಬೋನಸ್ ನೀಡಿದಾಗ, 2 ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ ದರ ಸಾವಿರದ ಆಸುಪಾಸಿಗೆ ಹೊಂದಿಕೊಂಡಿತು. 2,100 ರೂಪಾಯಿ ಮುಟ್ಟಿದರೆ ತಿಳಿಸು ಎಂದು ಹಳೆಯ ದರದ ಲೆಕ್ಕದಲ್ಲಿ ಹಾಕಿದ್ದ ಗುರುತನ್ನು ಆಪ್ ತಿದ್ದದೆ ಹಾಗೆಯೇ ಉಳಿಸಿಕೊಂಡಿದ್ದರೆ, ಅದು ಮೊಳಗಲು ಷೇರು ಮತ್ತೊಮ್ಮೆ ದುಪ್ಪಟ್ಟಾಗಬೇಕು!

ಎರಡನೆಯದು ದರದ ಮೂಲ. ಒಂದೇ ಷೇರಿಗೆ ರಾಷ್ಟ್ರೀಯ ಷೇರುಪೇಟೆಯಲ್ಲೊಂದು ದರ, ಮುಂಬಯಿ ಷೇರುಪೇಟೆಯಲ್ಲಿ ಕೆಲವು ಪೈಸೆಗಳ ಅಂತರದ ಇನ್ನೊಂದು ದರ. ಒಂದರಲ್ಲಿ ಗುರುತು ಹಾಕಿ ಇನ್ನೊಂದರ ನಕ್ಷೆ ನೋಡಿ ಆಪ್ ಮೋಸ ಮಾಡಿತೆಂದು ದೂರುವವರಿದ್ದಾರೆ. ಮೂಲವೇ ಬತ್ತಿದ ಉದಾಹರಣೆಯೂ ಇದೆ. 2021ರ ಫೆಬ್ರವರಿ 24ರಂದು ತಾಂತ್ರಿಕ ದೋಷದಿಂದಾಗಿ ರಾಷ್ಟ್ರೀಯ ಷೇರುಪೇಟೆಯ ವಹಿವಾಟು ಬೆಳಿಗ್ಗೆ 11.40ಕ್ಕೆ ಸ್ಥಗಿತಗೊಂಡು, ಮಧ್ಯಾಹ್ನ 3.45ಕ್ಕೆ ಪುನರಾರಂಭಗೊಂಡಿತು. ಈ ನಡುವೆ ಮುಂಬಯಿ ಷೇರುಪೇಟೆಯಲ್ಲಿ ವ್ಯಾಪಾರ ನಡೆದೇ ಇತ್ತು. ದರವೇ ಹುಟ್ಟದ ಪೇಟೆಯಿಂದ ಎಚ್ಚರಿಕೆ ಹುಟ್ಟುವುದಾದರೂ ಹೇಗೆ?

ಮೊಬೈಲಿನ ಗಾಢನಿದ್ರೆ

ಮೂರನೆಯ ಕೊಂಡಿಯಾದ ಸರ್ವರ್ ಮೇಲೆ ಹೂಡಿಕೆದಾರನಿಗೆ ಹಿಡಿತವಿಲ್ಲ. ಆದರೆ ನಾಲ್ಕು ಮತ್ತು ಐದನೆಯ ಕೊಂಡಿಗಳಲ್ಲಿ ಆಗುವ ಅನೇಕ ಎಡವಟ್ಟುಗಳಿಗೆ ಮದ್ದು ಅವನ ಕೈಯಲ್ಲೇ ಇದೆ.

ಬ್ಯಾಟರಿ ಉಳಿಸುವ ಸಲುವಾಗಿ ಗೂಗಲ್ 2015ರಲ್ಲಿ ಆಂಡ್ರಾಯ್ಡ್ 6ನೇ ಆವೃತ್ತಿಯೊಂದಿಗೆ ಡೋಜ್ ಎಂಬ ಸೌಲಭ್ಯ ತಂದಿತು. ಮುಟ್ಟದೆ ಇಟ್ಟ ಮೊಬೈಲು ಗಾಢನಿದ್ರೆಗೆ ಜಾರುತ್ತದೆ. ತುರ್ತು ಎಂದು ಗುರುತು ಮಾಡಿ ಕಳುಹಿಸಿದ ಸಂದೇಶ ಆ ನಿದ್ರೆಯನ್ನು ಭೇದಿಸಬಲ್ಲದು, ಸಾಮಾನ್ಯ ಸಂದೇಶ ಮೊಬೈಲು ಎಚ್ಚರಗೊಳ್ಳುವವರೆಗೆ ಕಾಯಬೇಕು. 2018ರ ಆಂಡ್ರಾಯ್ಡ್ 9, ಅಪರೂಪಕ್ಕೆ ತೆರೆಯುವ ಆಪ್‌ಗಳನ್ನು ಹಿಂದಿನ ಸಾಲಿಗೆ ತಳ್ಳಿತು. ತಿಂಗಳಿಗೊಮ್ಮೆ ಆಪ್ ತೆರೆಯುವ ದೀರ್ಘಾವಧಿ ಹೂಡಿಕೆದಾರನಿಗೇ ಎಚ್ಚರಿಕೆಯ ಅಗತ್ಯ ಹೆಚ್ಚು, ತೊಂದರೆಯೂ ಅವನಿಗೇ ಹೆಚ್ಚು. 2022ರ ಆಂಡ್ರಾಯ್ಡ್ 13ರಿಂದೀಚೆಗೆ ಹೊಸ ಆಪ್‌ಗಳು ಸೂಚನೆ ತೋರಿಸಲು ಬಳಕೆದಾರನ ಅನುಮತಿಯನ್ನೇ ಕೇಳಬೇಕು. ಅವಸರದಲ್ಲಿ ಬೇಡ ಎಂದು ಒತ್ತಿದವರಿಗೆ ಆಮೇಲೆ ಅದು ನೆನಪಿರುವುದಿಲ್ಲ. ಐಫೋನ್‌ನಲ್ಲಿಯೂ 2021ರಲ್ಲಿ ಬಂದ ಫೋಕಸ್ ಮತ್ತು ನಿಗದಿತ ವೇಳೆಗೆ ಸೂಚನೆಗಳನ್ನು ಒಟ್ಟಾಗಿ ನೀಡುವ ಸೌಲಭ್ಯಗಳು ಇದೇ ಪರಿಣಾಮ ಬೀರಬಲ್ಲವು.

ದೋಷ ಪತ್ತೆ ಹೇಗೆ?

ಮೊಬೈಲಿನ ಸೆಟ್ಟಿಂಗ್ಸ್ ತಡಕಾಡುವ ಮುನ್ನ ಆಪ್‌ನೊಳಗಿನ ಎಚ್ಚರಿಕೆಗಳ ಪಟ್ಟಿಯನ್ನು ನೋಡುವುದು ಜಾಣತನ. ಎಚ್ಚರಿಕೆ ಮೊಳಗಿದೆ ಎಂದು ಅಲ್ಲಿ ದಾಖಲಾಗಿದ್ದರೆ ಸರ್ವರ್ ಷರತ್ತನ್ನು ಗುರುತಿಸಿದೆ ಎಂದರ್ಥ. ದೋಷ ಸಂದೇಶ ರವಾನೆಯಲ್ಲಿದೆ, ಇಲ್ಲವೇ ಮೊಬೈಲಿನಲ್ಲಿದೆ. ಆಗ ಸೂಚನೆಯ ಅನುಮತಿ, ಬ್ಯಾಟರಿ ನಿರ್ಬಂಧ, ಡು ನಾಟ್ ಡಿಸ್ಟರ್ಬ್ ಇವುಗಳನ್ನು ಪರಿಶೀಲಿಸಬೇಕು. ಎಚ್ಚರಿಕೆ ಇನ್ನೂ ಚಾಲ್ತಿಯಲ್ಲಿದೆ ಎಂದಿದ್ದರೆ ಯಾವ ಪೇಟೆಯ ದರ, ಬೋನಸ್ ಅಥವಾ ವಿಭಜನೆ ನಡೆದಿದೆಯೇ ಎಂದು ನೋಡಬೇಕು. ಇವೆರಡೂ ಸರಿಯಿದ್ದರೆ ಬೆರಳು ಕಂಪನಿಯತ್ತ ತಿರುಗುತ್ತದೆ. ಪಟ್ಟಿಯಲ್ಲಿ ಎಚ್ಚರಿಕೆಯೇ ಇಲ್ಲದಿದ್ದರೆ ಅವಧಿ ತೀರಿರುವ ಸಾಧ್ಯತೆಯುಂಟು.

ಪರೀಕ್ಷೆಯೂ ಸುಲಭ. ವಹಿವಾಟಿನ ವೇಳೆಯಲ್ಲಿ ಚಾಲ್ತಿ ದರಕ್ಕೆ ತೀರಾ ಸಮೀಪದ ದರವೊಂದನ್ನು ಗುರುತು ಹಾಕಿ, ಮೊಬೈಲನ್ನು ಲಾಕ್ ಮಾಡಿ ಗಂಟೆಯ ಕಾಲ ಮುಟ್ಟದೆ ಇಡಬೇಕು. ಆ ಸ್ಥಿತಿಯಲ್ಲೂ ಸಕಾಲಕ್ಕೆ ಸದ್ದು ಬಂದರೆ ವ್ಯವಸ್ಥೆ ಸರಿಯಿದೆ. ದೋಷ ಕಂಡುಬಂದಲ್ಲಿ ಪಟ್ಟಿಯ ಚಿತ್ರವನ್ನು ವೇಳೆ ಸಹಿತ ಉಳಿಸಿಕೊಳ್ಳುವುದು ದೂರಿಗೆ ಬಲ ನೀಡುತ್ತದೆ.

ಕಾನೂನು ಎಲ್ಲಿದೆ?

ಇಲ್ಲಿಯೇ ಹೂಡಿಕೆದಾರರ ತಪ್ಪು ತಿಳಿವಳಿಕೆ ಇರುವುದು. ಖಾತೆಯಲ್ಲಿ ನಡೆದ ಖರೀದಿ, ಮಾರಾಟದ ಬಗ್ಗೆ ವಿನಿಮಯ ಕೇಂದ್ರಗಳಿಂದಲೇ ಎಸ್ಸೆಮ್ಮೆಸ್ ಮತ್ತು ಇ-ಮೇಲ್ ಬರುವ ವ್ಯವಸ್ಥೆಗೆ ನಿಯಂತ್ರಕ ಸಂಸ್ಥೆ ಸೆಬಿ 2011ರಲ್ಲಿಯೇ ಸುತ್ತೋಲೆ ಹೊರಡಿಸಿದೆ. ದರ ಎಚ್ಚರಿಕೆ ಆ ಸಾಲಿಗೆ ಸೇರಿದ್ದಲ್ಲ, ಅದು ಕಂಪನಿಗಳು ಗ್ರಾಹಕರಿಗೆ ನೀಡುವ ಹೆಚ್ಚುವರಿ ಅನುಕೂಲ. ಬ್ರೋಕರ್‌ಗಳ ತಾಂತ್ರಿಕ ದೋಷ ಕುರಿತು ಸೆಬಿ 2022ರ ನವೆಂಬರ್‌ನಲ್ಲಿ ರೂಪಿಸಿದ ಚೌಕಟ್ಟು, ಸತತ ಐದು ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಕಾಲದ ವ್ಯತ್ಯಯವನ್ನು ದೋಷವೆಂದು ಪರಿಗಣಿಸಿತು. ಬ್ರೋಕರ್ ವ್ಯವಸ್ಥೆಯೇ ಕುಸಿದಾಗ ಹೂಡಿಕೆದಾರರು ತೆರೆದ ವಹಿವಾಟನ್ನು ಮುಚ್ಚಿಕೊಳ್ಳಲೆಂದು ವಿನಿಮಯ ಕೇಂದ್ರಗಳು 2023ರ ಅಕ್ಟೋಬರ್‌ನಲ್ಲಿ ಇರ‍್ರಾ ಎಂಬ ಪರ್ಯಾಯ ವೇದಿಕೆ ಆರಂಭಿಸಿದವು. ಇವೆಲ್ಲದರ ಗಮನ ಪ್ರಧಾನವಾಗಿ ವಹಿವಾಟಿನ ಮೇಲೆ. ಒಬ್ಬಾತನ ಮೊಬೈಲಿಗೆ ತಲುಪದ ಒಂದು ಸಂದೇಶ ಈ ಬಲೆಯ ಕಣ್ಣುಗಳಲ್ಲಿ ನುಸುಳಿಹೋಗುತ್ತದೆ.

ಹಾಗೆಂದು ದೂರು ನೀಡಲು ದಾರಿಯಿಲ್ಲವೆಂದಲ್ಲ. ಮೊದಲು ಕಂಪನಿಗೆ, ಅಲ್ಲಿ ಪರಿಹಾರ ದೊರೆಯದಿದ್ದರೆ ಸೆಬಿಯ ಸ್ಕೋರ್ಸ್ ಜಾಲಕ್ಕೆ ದೂರು ಸಲ್ಲಿಸಬಹುದು. 2024ರ ಏಪ್ರಿಲ್‌ನಲ್ಲಿ ಪರಿಷ್ಕೃತಗೊಂಡ ಈ ವ್ಯವಸ್ಥೆಯಲ್ಲಿ ಕಂಪನಿ 21 ದಿನಗಳೊಳಗೆ ಉತ್ತರಿಸಬೇಕು. ಆದರೆ ಗಂಟೆ ಮೊಳಗದ್ದರಿಂದ ಆದ ನಷ್ಟವನ್ನು ಭರಿಸಿಕೊಳ್ಳುವುದು ಸುಲಭಸಾಧ್ಯವಲ್ಲ. ಮಾರಾಟದ ಆದೇಶವನ್ನೇ ನೀಡಿರದ ಹೂಡಿಕೆದಾರ, ಎಚ್ಚರಿಕೆ ಬಂದಿದ್ದರೆ ಆ ಕ್ಷಣವೇ ಮಾರುತ್ತಿದ್ದೆ ಎಂದು ಸಾಬೀತುಪಡಿಸುವುದೆಂತು?

ಎಚ್ಚರಿಕೆ ಕಾವಲುಗಾರನಲ್ಲ

ಕಂಪನಿಗಳೂ ಕೈತೊಳೆದುಕೊಳ್ಳುವಂತಿಲ್ಲ. ಅವಧಿ ತೀರುವ ಮುನ್ನ ತಿಳಿಸುವುದು, ಬೋನಸ್ ಬಂದಾಗ ಹಳೆಯ ಗುರುತನ್ನು ತಿದ್ದುವುದು ಅಥವಾ ತಿದ್ದಲು ನೆನಪಿಸುವುದು, ಸಂದೇಶ ಹೊರಟ ವೇಳೆಯನ್ನು ಗ್ರಾಹಕನಿಗೆ ತೋರಿಸುವುದು ತಾಂತ್ರಿಕವಾಗಿ ಕಷ್ಟದ ಕೆಲಸಗಳೇನಲ್ಲ. ಹೊಸ ಗ್ರಾಹಕರನ್ನು ಸೆಳೆಯಲು ಈ ಸೌಲಭ್ಯವನ್ನು ಮುಂದಿಡುವವರು ಅದರ ಮಿತಿಯನ್ನೂ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಹೇಳಬೇಕು.

ಹೂಡಿಕೆದಾರ ನೆನಪಿಡಬೇಕಾದ ವ್ಯತ್ಯಾಸ ಒಂದೇ. ಎಚ್ಚರಿಕೆ ಎಂಬುದು ಸುದ್ದಿ, ಆದೇಶ ಎಂಬುದು ಕ್ರಿಯೆ. ನಷ್ಟಕ್ಕೆ ಮಿತಿ ಹಾಕಲೇಬೇಕೆಂಬ ಹಣಕ್ಕೆ ಸ್ಟಾಪ್‌ಲಾಸ್ ಆದೇಶವೇ ತಕ್ಕದ್ದು. ಅದೂ ಪೂರ್ಣ ಕವಚವಲ್ಲ. 500 ರೂಪಾಯಿಗೆ ಮಿತಿ ಹಾಕಿದ್ದ ಷೇರು ಬೆಳಿಗ್ಗೆ 9.15ಕ್ಕೆ 460ರಲ್ಲಿಯೇ ವಹಿವಾಟು ಆರಂಭಿಸಿದರೆ ಆದೇಶ ಈಡೇರದೆ ಉಳಿಯಬಹುದು. ಆದರೆ ಆ ಆದೇಶ ಕೆಲಸ ಮಾಡಲು ಮಾಲೀಕನ ಮೊಬೈಲು ಎಚ್ಚರವಾಗಿರಬೇಕಿಲ್ಲ.

ಮಗಳ ಮದುವೆಗೋ ಮನೆಯ ಪಾಯಕ್ಕೋ ಕೂಡಿಟ್ಟ ಹಣವನ್ನು ಒಂದು ಸದ್ದಿನ ಭರವಸೆಯ ಮೇಲೆ ತೂಗುಹಾಕುವುದು ವಿವೇಕವಲ್ಲ. ಅಂಥ ಹಣ ಷೇರುಪೇಟೆಯಲ್ಲಿ ಇರಬೇಕೆ ಎಂಬ ಪ್ರಶ್ನೆಗೆ ಮೊದಲು ಉತ್ತರ ಕಂಡುಕೊಳ್ಳಬೇಕು, ಗಂಟೆ ಕಟ್ಟುವ ಮಾತು ಆಮೇಲಿನದು.