ಒಮ್ಮೆ ಮಾರಿದ ಸರಕು

ಬಟ್ಟೆ ಅಂಗಡಿಯ ಬಿಲ್ಲಿನ ಅಡಿಯಲ್ಲಿ 'ಗೂಡ್ಸ್ ಒನ್ಸ್ ಸೋಲ್ಡ್ ವಿಲ್ ನಾಟ್ ಬಿ ಟೇಕನ್ ಬ್ಯಾಕ್' ಎಂಬ ಸಾಲನ್ನು ನೋಡದವರು ನಮ್ಮಲ್ಲಿ ವಿರಳ. ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಇದರ ತಾತ್ಪರ್ಯ. ಇಂಗ್ಲಿಷ್ ಅಕ್ಷರ ತಿಳಿಯದವರಿಗೂ ಈ ತಾತ್ಪರ್ಯ ಚೆನ್ನಾಗಿ ಗೊತ್ತು, ಅನುಭವವೇ ಕಲಿಸಿರುತ್ತದೆ. ಆದರೆ ಈ ಸಾಲಿನೊಳಗೆ ಕುಳಿತಿರುವ ಒಂದು ವ್ಯಾಕರಣಾಂಶವನ್ನು ನಮ್ಮ ಶಾಲೆಗಳಲ್ಲಿ ಸರಿಯಾಗಿ ಕಲಿಸುತ್ತಿಲ್ಲವೆಂಬುದು ನನ್ನ ಬಹುಕಾಲದ ದೂರು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಾವೇ ಇಂಗ್ಲಿಷ್ ಬೋಧಿಸುತ್ತಿರುವುದರಿಂದ ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ವ್ಯಾಕರಣವೆಂದರೆ ಮುಖ ತಿರುಗಿಸುವ ಬಂಧುಗಳು ಈ ಸಲಕ್ಕೆ ಕ್ಷಮಿಸಬೇಕು.

'ಗೂಡ್ಸ್' ನಾಮಪದ. 'ಒನ್ಸ್ ಸೋಲ್ಡ್' ಎಂಬುದು ಅದರ ಬೆನ್ನಿಗೆ ಅಂಟಿ ನಿಂತಿರುವ ಕೃದಂತ. ಎಂತಹ ಸರಕು ಎಂಬ ಪ್ರಶ್ನೆಗೆ ಅದು ಉತ್ತರ ಹೇಳುತ್ತದೆ. ವಾಕ್ಯದ ನಿಜವಾದ ಕ್ರಿಯಾಪದ ಇನ್ನೂ ಮುಂದಿದೆ. 'ದಿ ಬಸ್ ಗೋಯಿಂಗ್ ಟು ಮೈಸೂರು', 'ದಿ ಪೀಪಲ್ ಲಿವಿಂಗ್ ನೆಕ್ಸ್ಟ್ ಡೋರ್', 'ಎ ಲೆಟರ್ ರಿಟನ್ ಇನ್ ಕನ್ನಡ', 'ದಿ ಮನಿ ಲೆಫ್ಟ್ ಇನ್ ದಿ ಬ್ಯಾಂಕ್' ಇವೆಲ್ಲ ಇದೇ ಜಾತಿಯವು. ಇಂಗ್ಲಿಷಿನವರು ದಿನನಿತ್ಯ ಅಡುಗೆಮನೆಯಲ್ಲಿ, ಬೀದಿಯಲ್ಲಿ, ಕಚೇರಿಯಲ್ಲಿ ಹೀಗೆಯೇ ಮಾತನಾಡುತ್ತಾರೆ. ರೈಲು ನಿಲ್ದಾಣದ ಘೋಷಣೆಯಿಂದ ಹಿಡಿದು ಔಷಧದ ಪೊಟ್ಟಣದವರೆಗೆ ಇದರದೇ ರಾಜ್ಯ.

ನಾವು ಕಲಿಸುವುದೇನು? ರೆನ್ ಮತ್ತು ಮಾರ್ಟಿನ್ನರ ಕಾಲದಿಂದಲೂ 'ಎರಡು ವಾಕ್ಯಗಳನ್ನು ಕೂಡಿಸಿ ಒಂದಾಗಿಸಿ' ಎಂಬ ಅಭ್ಯಾಸ ನಡೆದುಬಂದಿದೆ. ಅಲ್ಲಿ ಕೃದಂತ ಸಾಮಾನ್ಯವಾಗಿ ವಾಕ್ಯದ ತಲೆಯ ಮೇಲೆ ಕೂರುತ್ತದೆ: 'ಬೀಯಿಂಗ್ ಟಯರ್ಡ್, ಹಿ ಸ್ಲೆಪ್ಟ್', 'ಹ್ಯಾವಿಂಗ್ ಫಿನಿಶ್ಡ್ ಹಿಸ್ ವರ್ಕ್, ಹಿ ವೆಂಟ್ ಹೋಮ್'. ತಪ್ಪಿಲ್ಲದ ಇಂಗ್ಲಿಷ್, ಒಪ್ಪಿದೆ. ಆದರೆ ಯಾವ ಇಂಗ್ಲಿಷ್ ತಾಯಿ ತನ್ನ ಮಗನೊಡನೆ ಹೀಗೆ ಮಾತನಾಡುತ್ತಾಳೆ? ಇದು ಬರಹದ ಭಾಷೆ. ಅದರಲ್ಲಿಯೂ ಕಾಲರ್ ಗುಂಡಿ ಹಾಕಿಕೊಂಡ ಬರಹದ ಭಾಷೆ. ಅಂಕಕ್ಕಾಗಿ ಇದನ್ನು ನೂರು ಸಲ ಬರೆಯಿಸಿ, ದಿನಬಳಕೆಯ ಇನ್ನೊಂದನ್ನು 'ಹೂ, ವಿಚ್ ತೆಗೆದುಹಾಕಿದರಾಯಿತು' ಎಂಬ ಒಂದೇ ಮಾತಿನಲ್ಲಿ ದಾಟಿಸಿಬಿಡುತ್ತೇವೆ.

ಆ ಒಂದು ಮಾತೂ ಪೂರ್ತಿ ನಿಜವಲ್ಲ. 'ಎ ಬಾಕ್ಸ್ ಕಂಟೈನಿಂಗ್ ಬುಕ್ಸ್' ಎನ್ನುತ್ತೇವೆ. 'ವಿಚ್ ಈಸ್' ಬಿಟ್ಟಿದೆ ಎನ್ನುವುದಾದರೆ ಮೊದಲು 'ವಿಚ್ ಈಸ್ ಕಂಟೈನಿಂಗ್' ಎಂದಿರಬೇಕಾಯಿತು. ಹಾಗೆ ಯಾವ ಇಂಗ್ಲಿಷಿನವನೂ ಹೇಳುವುದಿಲ್ಲ. 'ಎನಿವನ್ ವಿಶಿಂಗ್ ಟು ಅಪ್ಲೈ' ಎಂಬುದರ ಕಥೆಯೂ ಅದೇ. ಏನನ್ನೋ ಕಳೆದುಕೊಂಡು ಮೊಟಕಾದ ರೂಪ ಇದಲ್ಲ. ತನ್ನದೇ ಬಾಳುವೆಯುಳ್ಳ ರೂಪ.

ನಮ್ಮ ಮಕ್ಕಳಿಗೆ ಇದು ತೊಡಕಾಗುವುದಕ್ಕೆ ಕಾರಣ ಕನ್ನಡದ ಬಡತನವಲ್ಲ, ಸಿರಿತನ. ಕನ್ನಡದ ಕೃದಂತ ನಾಮಪದದ ಮುಂದೆ ನಡೆಯುತ್ತದೆ: ಓಡುವ ಹುಡುಗ, ಓಡಿದ ಹುಡುಗ, ಓಡದ ಹುಡುಗ. ಕಾಲವನ್ನೂ ಹೇಳಿತು, ನಿಷೇಧವನ್ನೂ ಹೇಳಿತು. 'ಓದಿದ' ಎಂಬ ಒಂದೇ ಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಪುಸ್ತಕ ಓದಿದ ಹುಡುಗಿ, ಹುಡುಗಿ ಓದಿದ ಪುಸ್ತಕ, ಹುಡುಗಿ ಓದಿದ ಶಾಲೆ, ಹುಡುಗಿ ಓದಿದ ದೀಪ. ಮಾಡಿದವಳು, ಮಾಡಿಸಿಕೊಂಡದ್ದು, ಮಾಡಿದ ಸ್ಥಳ, ಬಳಸಿದ ಸಾಧನ ಎಲ್ಲಕ್ಕೂ ಅದೊಂದೇ ಸಾಕು. ಇಂತಹ ಆಸ್ತಿಯನ್ನು ಬಿಟ್ಟು 'ಯಾವ ಹುಡುಗಿಯು ಓದುತ್ತಾಳೆಯೋ ಅವಳು' ಎಂದು ಕಚೇರಿಗಳಲ್ಲಿ ಅನುವಾದದ ಕನ್ನಡ ಬರೆಯುವವರನ್ನು ಕಂಡರೆ ನನಗೆ ಮರುಕ ಹುಟ್ಟುತ್ತದೆ. ಇರಲಿ, ಅದು ಬೇರೆಯ ಜಗಳ.

ಇಂಗ್ಲಿಷಿನ ಕೃದಂತ ಇಷ್ಟು ಉದಾರಿಯಲ್ಲ. 'ಇಂಗ್' ಅಂತ್ಯದ್ದು ಮಾಡುವವನಿಗೆ ಮಾತ್ರ. ಭೂತ ಕೃದಂತವು ಬಹುಮಟ್ಟಿಗೆ ಮಾಡಿಸಿಕೊಂಡದ್ದಕ್ಕೆ ಮಾತ್ರ. ಆದ್ದರಿಂದಲೇ 'ನಾನು ಓದಿದ ಶಾಲೆ' ಎಂಬುದನ್ನು ಮಕ್ಕಳು 'ದಿ ಸ್ಕೂಲ್ ಸ್ಟಡೀಡ್ ಬೈ ಮಿ' ಎಂದು ಬರೆದಾಗ ಅದು ಶಾಲೆಯನ್ನೇ ಪರೀಕ್ಷೆಗೆ ಓದಿದಂತಾಗುತ್ತದೆ. 'ನಿನ್ನೆ ಬಂದ ಅತಿಥಿ' ಎಂಬುದು 'ದಿ ಗೆಸ್ಟ್ ಅರೈವ್ಡ್ ಯೆಸ್ಟರ್‌ಡೇ' ಆದರೆ ವಿಶೇಷಣವಾಗುವುದಿಲ್ಲ, ಪೂರ್ಣ ವಾಕ್ಯವೇ ಆಗಿಬಿಡುತ್ತದೆ. ಅಲ್ಲಿ 'ಹೂ' ಬೇಕೇ ಬೇಕು. 'ದಿ ಮ್ಯಾನ್ ಕಮಿಂಗ್ ಯೆಸ್ಟರ್‌ಡೇ' ಎಂದರೂ ನಡೆಯದು. ಒಮ್ಮೆ ನಡೆದು ಮುಗಿದ ಘಟನೆಗೆ 'ಇಂಗ್' ಒಗ್ಗುವುದಿಲ್ಲ. ಈ ತಪ್ಪುಗಳನ್ನು ಕೆಂಪು ಮಸಿಯಿಂದ ಬರಿದೆ ಸುತ್ತಿದರೆ ಪ್ರಯೋಜನವಿಲ್ಲ. ಮಗು ಕನ್ನಡದ ನ್ಯಾಯವನ್ನು ಪ್ರಾಮಾಣಿಕವಾಗಿ ಅನ್ವಯಿಸಿದೆ. ಎರಡು ಭಾಷೆಗಳನ್ನೂ ಪಕ್ಕಪಕ್ಕದಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಕೂಡದೆನ್ನುವ ಶಾಲೆಗಳು ಆ ಹತ್ತು ನಿಮಿಷವನ್ನು ಹತ್ತು ವರ್ಷಕ್ಕೆ ಬೆಳೆಸುತ್ತವೆ.

ಇನ್ನೂ ದೊಡ್ಡ ತೊಡಕು ಓದುವಲ್ಲಿದೆ. ಕನ್ನಡದಲ್ಲಿ 'ಸಲ್ಲಿಸಿದನು' ಬೇರೆ, 'ಸಲ್ಲಿಸಿದ' ಬೇರೆ. ಬರಹದಲ್ಲಿ ಪ್ರತ್ಯಯವೇ ಗುಟ್ಟು ಹೇಳುತ್ತದೆ, ಸ್ಥಾನವಂತೂ ಹೇಳಿಯೇ ಹೇಳುತ್ತದೆ. ಇಂಗ್ಲಿಷಿನ 'ಸಬ್ಮಿಟೆಡ್' ಎರಡಕ್ಕೂ ಒಂದೇ. 'ರೋಟ್' ಮತ್ತು 'ರಿಟನ್'ಗಳಂತೆ ರೂಪ ಬೇರೆಯಾದರೆ ಸುಲಭ. ಆದರೆ ಬಹುಪಾಲು ಕ್ರಿಯಾಪದಗಳಲ್ಲಿ ಆ ಸಹಾಯವಿಲ್ಲ. ಹುಟ್ಟಾ ಇಂಗ್ಲಿಷಿನವರೂ ಇಲ್ಲಿ ಎಡವುತ್ತಾರೆ. ಥಾಮಸ್ ಬೀವರ್ ಎಂಬ ವಿದ್ವಾಂಸರು 1970ರಲ್ಲಿ ಕೊಟ್ಟ ಉದಾಹರಣೆಯೊಂದು ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾಗಿದೆ. ಅದರಲ್ಲಿ ಕೊಟ್ಟಿಗೆಯನ್ನು ದಾಟಿ ಓಡಿಸಲಾದ ಕುದುರೆಯೊಂದು ಬೀಳುತ್ತದೆ. ಓದುಗನು ಕುದುರೆ ತಾನೇ ಓಡಿತೆಂದು ತಿಳಿದು ಮುಂದೆ ಹೋಗಿ, ಕೊನೆಯಲ್ಲಿ 'ಬಿದ್ದಿತು' ಎಂಬ ಪದ ಎದುರಾದಾಗ ಕಂಗಾಲಾಗುತ್ತಾನೆ.

ಕುದುರೆ ಬಿದ್ದರೆ ನಗಬಹುದು. ನನ್ನ ಬಳಿ ಏಳನೆಯ ತರಗತಿಯವರೆಗೆ ಓದಿ ಈಗ ಗ್ಯಾರೇಜು ಇಟ್ಟುಕೊಂಡಿರುವ ಒಬ್ಬನು, ತಂದೆಯ ಆಸ್ಪತ್ರೆಯ ಖರ್ಚಿಗಾಗಿ ವಿಮೆಯ ಹಣ ಕೇಳಿ ಅರ್ಜಿ ಹಾಕಿದ್ದನು. ಉತ್ತರ ಬಂದಿತು: 'ಕ್ಲೇಮ್ಸ್ ರಿಸೀವ್ಡ್ ವಿದೌಟ್ ದಿ ಒರಿಜಿನಲ್ ಬಿಲ್ಸ್ ವಿಲ್ ಬಿ ಕ್ಲೋಸ್ಡ್ ಇನ್ ಥರ್ಟಿ ಡೇಸ್.' ಅವನು ಅದನ್ನು ಪದಕ್ಕೆ ಪದ ಹಚ್ಚಿ ಓದಿದನು. ಒಂದೂವರೆ ತಿಂಗಳ ಮೇಲೆ ನನ್ನಲ್ಲಿಗೆ ಬಂದಾಗ ಹೇಳಿದ ಮಾತು ಇದು: "ಸಾರ್, ಕ್ಲೇಮು ತಲುಪಿದೆ ಅಂತ ಬರೆದಿದ್ದಾರೆ. ಅಸಲಿ ಬಿಲ್ಲು ಇಲ್ಲದೇನೇ ಮೂವತ್ತು ದಿನದಲ್ಲಿ ಮುಗಿಸಿ ಕೊಡ್ತೀವಿ ಅಂದಿದ್ದಾರೆ. ಇನ್ನೂ ದುಡ್ಡು ಬರಲಿಲ್ಲವಲ್ಲ?" ಅಸಲು ಬಿಲ್ಲುಗಳು ಅವನ ಮನೆಯ ಬೀರುವಿನಲ್ಲಿ ಭದ್ರವಾಗಿದ್ದವು. ಕಡತ ಮಾತ್ರ ಮುಚ್ಚಿಹೋಗಿತ್ತು.

ಅವನ ಓದಿನಲ್ಲಿ ಒಂದು ಪದದ ಅರ್ಥವೂ ತಪ್ಪಿಲ್ಲವೆಂಬುದನ್ನು ಗಮನಿಸಿರಿ. 'ರಿಸೀವ್ಡ್' ಎಂದರೆ ತಲುಪಿದೆ ಎಂದೇ ನಾವು ಕಲಿಸಿದ್ದು. ನಿಘಂಟು ಇಲ್ಲಿ ನೆರವಿಗೆ ಬಾರದು. 'ಅಸಲು ಬಿಲ್ಲುಗಳಿಲ್ಲದೆ ಬಂದ ಅರ್ಜಿಗಳು' ಎಂದು ಕನ್ನಡದ ಕೃದಂತವಾಗಿ ಅದನ್ನು ತಿರುಗಿಸಿಕೊಳ್ಳುವ ಅಭ್ಯಾಸವಿದ್ದಿದ್ದರೆ ಮಾತ್ರ ಅವನು ಬಚಾವಾಗುತ್ತಿದ್ದನು. ಆ ಪತ್ರವನ್ನು ಕನ್ನಡದಲ್ಲಿಯೇ ಬರೆಯಬೇಕಿತ್ತೆಂದು ನೀವು ಹೇಳಬಹುದು. ನಾನೂ ಅದನ್ನೇ ಹೇಳುತ್ತೇನೆ. ಆದರೆ ಅವರು ಬರೆಯುವವರೆಗೆ ನಮ್ಮ ಹುಡುಗರು ಕಾಯಲಾಗದು.

ಒಂದು ತಮಾಷೆಯ ಮಾತನ್ನೂ ಸೇರಿಸುತ್ತೇನೆ. ಇಂಗ್ಲಿಷಿನಲ್ಲಿ ಕೃದಂತ ಒಂಟಿಯಾಗಿದ್ದರೆ ಸಾಮಾನ್ಯವಾಗಿ ನಾಮಪದದ ಮುಂದೆ ಬರುತ್ತದೆ, 'ಬಾಯ್ಲ್ಡ್ ವಾಟರ್' ಎಂಬಂತೆ. ಪರಿವಾರ ಸಮೇತ ಬಂದರೆ ಹಿಂದೆ ನಿಲ್ಲುತ್ತದೆ, 'ವಾಟರ್ ಬಾಯ್ಲ್ಡ್ ಫಾರ್ ಟೆನ್ ಮಿನಿಟ್ಸ್' ಎಂಬಂತೆ. ಕೆಲವು ಮಾತ್ರ ಒಂಟಿಯಾಗಿಯೂ ಹಿಂದೆಯೇ ನಿಲ್ಲಬೇಕೆನ್ನುತ್ತವೆ. 'ದಿ ಆಫೀಸರ್ ಕನ್ಸರ್ನ್ಡ್' ಎಂದರೆ ಸಂಬಂಧಪಟ್ಟ ಅಧಿಕಾರಿ. ಇಂಗ್ಲೆಂಡಿನವರ ಕಿವಿಗೆ 'ದಿ ಕನ್ಸರ್ನ್ಡ್ ಆಫೀಸರ್' ಎಂದರೆ ಚಿಂತಾಕ್ರಾಂತನಾದ ಅಧಿಕಾರಿ. ನಮ್ಮ ದೇಶದ ಅರ್ಜಿಗಳಲ್ಲೆಲ್ಲ ಎರಡನೆಯದೇ ಇದೆ. 'ಸಂಬಂಧಪಟ್ಟ' ಎಂಬುದನ್ನು ನಾವು ಮುಂದಿಟ್ಟು ಮಾತನಾಡುವವರಾದ್ದರಿಂದ ಅದು ಹಾಗೆ ಬಂದಿರಬೇಕು. ಭಾರತದ ಇಂಗ್ಲಿಷಿನಲ್ಲಿ ಅದು ಬೇರೂರಿದೆ, ಕೀಳುವ ಹಟ ನನಗಿಲ್ಲ. ನಮ್ಮ ಅಧಿಕಾರಿಗಳು ಅಷ್ಟೊಂದು ಚಿಂತಿಸುವವರಾಗಿದ್ದರೆ ಒಳ್ಳೆಯದೇ ಆಗುತ್ತಿತ್ತು.

ಪಾಠ ಹೇಳುವ ನನ್ನ ಶಿಷ್ಯರಲ್ಲಿ ಕೋರಿಕೆ ಇಷ್ಟು. 'ಬೀಯಿಂಗ್ ಟಯರ್ಡ್' ಮಹಾಶಯನಿಗೆ ಸ್ವಲ್ಪ ವಿಶ್ರಾಂತಿ ಕೊಡಿ. ಮಕ್ಕಳಿಗೆ ಮನೆಯಿಂದ ಹಳೆಯ ಬಿಲ್ಲು, ಬ್ಯಾಂಕಿನ ಪತ್ರ, ಬಸ್ಸಿನ ಟಿಕೆಟ್ಟು, ಔಷಧದ ಚೀಟಿ ತರಲು ಹೇಳಿ. ಪ್ರತಿಯೊಂದು ವಾಕ್ಯದಲ್ಲಿ ಮೊದಲು ನಿಜವಾದ ಕ್ರಿಯಾಪದವನ್ನು ಹುಡುಕಿ ಅಡಿಗೆರೆ ಎಳೆಯಲಿ. ಆಮೇಲೆ ನಾಮಪದದ ಬೆನ್ನಿಗೆ ಉಳಿದದ್ದನ್ನು ಕನ್ನಡದಲ್ಲಿ ಅದರ ಮುಂದಕ್ಕೆ ತಂದು ಓದಲಿ. ಬಟ್ಟೆ ಅಂಗಡಿಯ ಬಿಲ್ಲು ಎಲ್ಲರ ಮನೆಯಲ್ಲಿಯೂ ಸಿಗುವುದರಿಂದ ಅದರಿಂದಲೇ ಆರಂಭಿಸಬಹುದು.