ಬೆಂಕಿ ರೋಗದ ಔಷಧಿಗೆ ಬಂದ ಕುತ್ತು: ಬೂಜಿನ ಒಳಗೆ ನಡೆಯುವುದೇನು?

ಭತ್ತದ ಬೆಂಕಿ ರೋಗ ಕಂಡೊಡನೆ ನಮ್ಮ ರೈತ ಬಾಂಧವರು ಕೇಳುವ ಔಷಧಿ ಟ್ರೈಸೈಕ್ಲಜೋಲ್. ಈ ಔಷಧಿಯ ಸುತ್ತ ಕೆಲವು ವರ್ಷಗಳಿಂದ ಗದ್ದಲ ಎದ್ದಿದೆ. ಅಕ್ಕಿಯಲ್ಲಿ ಉಳಿಯಬಹುದಾದ ಇದರ ಅಂಶದ ಮಿತಿಯನ್ನು ಐರೋಪ್ಯ ಒಕ್ಕೂಟವು ಕಿಲೋಗೆ 1 ಮಿಲಿಗ್ರಾಂನಿಂದ 0.01 ಮಿಲಿಗ್ರಾಂಗೆ ಇಳಿಸಿತು. ಬಾಸ್ಮತಿಗೆ ಇದು 2018ರ ಆರಂಭದಿಂದ ಅನ್ವಯವಾಯಿತು. 100 ಟನ್ ಅಕ್ಕಿಯಲ್ಲಿ ಒಂದೇ ಒಂದು ಗ್ರಾಂ ಎಂದು ತಿಳಿದರೆ ಈ ಮಿತಿ ಎಷ್ಟು ಬಿಗಿ ಎಂಬುದು ಅರಿವಾದೀತು. 2023ರ ಆಗಸ್ಟ್‌ನಿಂದ ಪಂಜಾಬ್ ಸರ್ಕಾರವು ಬಾಸ್ಮತಿ ಬೆಳೆಗೆ ಟ್ರೈಸೈಕ್ಲಜೋಲ್, ಪ್ರೊಪಿಕೊನಜೋಲ್, ಕಾರ್ಬೆಂಡಜಿಮ್ ಮುಂತಾದ ಔಷಧಿಗಳ ಬಳಕೆಯನ್ನು 60 ದಿನಗಳ ಕಾಲ ತಡೆಹಿಡಿಯಿತು. ಇದಕ್ಕೂ ಮುನ್ನ 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕರಡು ಆದೇಶದಲ್ಲಿ ನಿಷೇಧಿಸಬೇಕೆಂದಿದ್ದ 27 ಔಷಧಿಗಳ ಪೈಕಿ ಮ್ಯಾಂಕೋಜೆಬ್ ಮತ್ತು ಕಾರ್ಬೆಂಡಜಿಮ್ ಕೂಡ ಇದ್ದವು. 2023ರ ಅಂತಿಮ ಆದೇಶದಲ್ಲಿ ನಿಷೇಧಕ್ಕೊಳಗಾದ ಶಿಲೀಂಧ್ರನಾಶಕ ಡೈನೋಕ್ಯಾಪ್ ಒಂದೇ.

ಇಂಥ ಸುದ್ದಿ ಬಂದಾಗಲೆಲ್ಲ ಹಳ್ಳಿಗೆ ಇಬ್ಬರು ಬರುತ್ತಾರೆ. ಒಬ್ಬರು, ಔಷಧಿಯೆಲ್ಲ ವಿಷ, ಸೊಪ್ಪಿನ ಕಷಾಯವೇ ಸಾಕು ಎನ್ನುವವರು. ಇನ್ನೊಬ್ಬರು, ಹಳೆಯದು ಹೋಯಿತು, ದುಪ್ಪಟ್ಟು ಬೆಲೆಯ ಹೊಸದು ಕೊಳ್ಳಿ ಎನ್ನುವವರು. ಇಬ್ಬರ ಮಾತನ್ನೂ ತೂಗಿ ನೋಡಬೇಕಾದರೆ ಔಷಧಿ ಬೂಜಿನ ಒಡಲಲ್ಲಿ ಏನು ಮಾಡುತ್ತದೆಂಬುದು ರೈತನಿಗೆ ಗೊತ್ತಿರಬೇಕು.

ಬೆಂಕಿ ರೋಗದ ಬೂಜಿನ ಬೀಜಕಣ ಇಬ್ಬನಿಯಲ್ಲಿ ಮೊಳೆತು, ಎಲೆಗೆ ಅಂಟಿ, ತುದಿಯಲ್ಲಿ ಗುಂಡನೆಯ ಒಂದು ಗುಳ್ಳೆ ಕಟ್ಟುತ್ತದೆ. ಆ ಗುಳ್ಳೆಯ ಒಳಗೋಡೆಗೆ ಮೆಲನಿನ್ ಎಂಬ ಕಪ್ಪು ಲೇಪ ಬೀಳುತ್ತದೆ. ಈ ಲೇಪ ಒಳಗಿನ ರಸವನ್ನು ಸೋರಗೊಡದು. ನೀರು ಮಾತ್ರ ಒಳಸೇರಿ ಒತ್ತಡ ಏರುತ್ತದೆ. ಅದು ವಾಯುಮಂಡಲದ ಒತ್ತಡದ ಸುಮಾರು 80 ಪಟ್ಟು, ಅಂದರೆ ಲಾರಿ ಟೈರಿನೊಳಗಿನ ಗಾಳಿಯ ಹತ್ತರಷ್ಟು! ಆ ಬಲದಿಂದಲೇ ಮೊಳೆ ಹೊಡೆದಂತೆ ಎಲೆಯನ್ನು ತೂತು ಮಾಡಿ ಬೂಜು ಒಳಹೊಗುತ್ತದೆ. ಟ್ರೈಸೈಕ್ಲಜೋಲ್ ಮಾಡುವುದು ಇಷ್ಟೇ: ಆ ಕಪ್ಪು ಲೇಪವನ್ನು ತಯಾರಿಸುವ ಕಿಣ್ವವನ್ನು ತಡೆಯುತ್ತದೆ. ಲೇಪವಿಲ್ಲದ ಗುಳ್ಳೆ ತೂತು ಬಿದ್ದ ಟ್ಯೂಬಿನಂತೆ, ಒತ್ತಡ ನಿಲ್ಲುವುದಿಲ್ಲ. ಬೂಜು ಸಾಯುವುದಿಲ್ಲ, ಒಳಗೆ ಹೋಗಲಾರದೆ ಹೊರಗೇ ಉಳಿಯುತ್ತದೆ.

"ಔಷಧಿ ಹೊಡೆದರೂ ರೋಗ ನಿಲ್ಲಲಿಲ್ಲ ಸಾರ್" ಎಂಬ ದೂರಿಗೆ ಬಹುಮಟ್ಟಿಗೆ ಉತ್ತರ ಇಲ್ಲಿದೆ. ಬಾಗಿಲು ಮುರಿದು ಒಳಬಂದ ಕಳ್ಳನಿಗೆ ಬೀಗದಿಂದ ಆಗುವುದೇನು? ಆದುದರಿಂದ ಈ ಸಿಂಪಡಣೆ ಎಲೆಯಲ್ಲಿ ಮೊದಲ ಚುಕ್ಕೆಗಳು ಕಂಡಾಗ, ಮತ್ತು ಕುತ್ತಿಗೆ ಬೆಂಕಿ ರೋಗಕ್ಕಾದರೆ ತೆನೆ ಹೊರಬರುವ ಮುನ್ನ, ಹೊಡೆ ತುಂಬಿದ ಹಂತದಲ್ಲಿ ಆಗಬೇಕು. ಶೇಕಡಾ 75ರ ಪುಡಿಯಾದರೆ ಲೀಟರಿಗೆ 0.6 ಗ್ರಾಂ ಸಾಕು. ತೆನೆಯ ಕತ್ತು ಕಪ್ಪಾಗಿ ಮುರಿದ ಮೇಲೆ ಹೊಡೆದರೆ ಆ ತೆನೆ ಉಳಿಯದು, ಔಷಧಿ ಮಾತ್ರ ಕಾಳಿನಲ್ಲಿ ಉಳಿದೀತು. ಹೊರದೇಶದ ಬಂದರಿನಲ್ಲಿ ತಕರಾರಿಗೆ ಕಾರಣವಾಗಬಲ್ಲದ್ದು ಇಂಥ ತಡವಾದ ಸಿಂಪಡಣೆಯೇ.

ಇತರ ಔಷಧಿಗಳ ದಾರಿ ಬೇರೆ. ಹೆಕ್ಸಾಕೊನಜೋಲ್, ಟೆಬುಕೊನಜೋಲ್ ಜಾತಿಯವು ಬೂಜಿನ ಜೀವಕೋಶದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನ ವಸ್ತು ತಯಾರಾಗದಂತೆ ಮಾಡುತ್ತವೆ. ಕಾರ್ಬೆಂಡಜಿಮ್ ಕೋಶ ಇಬ್ಭಾಗವಾಗುವುದನ್ನೇ ಕೆಡಿಸುತ್ತದೆ. ಇವೆಲ್ಲ ಒಂದೇ ಜಾಗಕ್ಕೆ ಏಟು ಹಾಕುವಂಥವು. ಬೂಜು ಆ ಒಂದು ಜಾಗವನ್ನು ಬದಲಿಸಿಕೊಂಡರೆ ಔಷಧಿ ವ್ಯರ್ಥ. ಜಪಾನಿನಲ್ಲಿ ಮೆಲನಿನ್ ತಡೆಯುವ ಇನ್ನೊಂದು ಔಷಧಿಯಾದ ಕಾರ್ಪ್ರೊಪಮಿಡ್‌ಗೆ 2001ರಲ್ಲೇ ಬೆಂಕಿ ರೋಗದ ಬೂಜು ಜಗ್ಗದಾಯಿತು. ಮ್ಯಾಂಕೋಜೆಬ್ ಹಾಗಲ್ಲ. ಗಂಧಕದ ಅಂಶವುಳ್ಳ ಹತ್ತಾರು ಕಿಣ್ವಗಳನ್ನು ಒಟ್ಟಿಗೆ ಕೆಡಿಸುವುದರಿಂದ ಬೂಜಿಗೆ ತಪ್ಪಿಸಿಕೊಳ್ಳುವ ದಾರಿ ಕಡಿಮೆ. ಹಳೆಯದೆಂದು ಇದನ್ನು ಹೀಗಳೆಯುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಸರಿಯಲ್ಲ.

ಇನ್ನು ಸೊಪ್ಪುಸದೆಗಳ ಕಷಾಯ. ಇದನ್ನು ನಗೆಯಾಡಿ ತಳ್ಳುವಂತಿಲ್ಲ. ಬೆಳ್ಳುಳ್ಳಿ ಜಜ್ಜಿದಾಗ ಹುಟ್ಟುವ ಅಲಿಸಿನ್ ಎಂಬ ವಸ್ತು ಬೂಜಿನ ಗಂಧಕವುಳ್ಳ ಕಿಣ್ವಗಳ ಮೇಲೆಯೇ ಬೀಳುತ್ತದೆ, ಹೆಚ್ಚುಕಡಿಮೆ ಮ್ಯಾಂಕೋಜೆಬ್‌ನ ದಾರಿಯೇ ಅದು. ಬೇವಿನ ಎಲೆಯ ರಸದ ಕೆಲಸ ಇನ್ನೂ ಸ್ವಾರಸ್ಯವಾದುದು. ಶೇಂಗಾ, ಮೆಕ್ಕೆಜೋಳಕ್ಕೆ ಹತ್ತುವ ಹಸಿರು ಬೂಜು ಬೆಳೆಯುತ್ತಿದ್ದರೂ ಅಫ್ಲಾಟಾಕ್ಸಿನ್ ವಿಷ ಮಾತ್ರ ತಯಾರಾಗದಂತೆ ಅದು ತಡೆಯುತ್ತದೆಂದು 1980ರ ದಶಕದ ಪ್ರಯೋಗಗಳಲ್ಲೇ ಕಂಡುಬಂದಿದೆ. ದಾಳಿಂಬೆ ಸಿಪ್ಪೆ, ಅಳಲೆಕಾಯಿಗಳ ಒಗರು, ಗಿಡದ ಗೋಡೆ ಕರಗಿಸಲು ಬೂಜು ಸುರಿಸುವ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಹರಿತ ಕಳೆಯಬಲ್ಲದು.

ಆದರೆ ಈ ಫಲಿತಾಂಶಗಳಲ್ಲಿ ಬಹುಪಾಲು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕಂಡವು. ತಟ್ಟೆಯಲ್ಲಿ ಮಳೆಯಿಲ್ಲ, ಬಿಸಿಲಿಲ್ಲ. ಲೆಕ್ಕವನ್ನೂ ನೋಡಿ. ಅಲ್ಲಿ ಶೇಕಡಾ 10ರ ರಸ ಕೆಲಸ ಮಾಡಿತೆಂದರೆ, ಎಕರೆಗೆ 200 ಲೀಟರ್ ಸಿಂಪಡಣೆಗೆ 20 ಕಿಲೋ ಬೆಳ್ಳುಳ್ಳಿ ಬೇಕು. ಕಿಲೋಗೆ 100 ರೂಪಾಯಿ ಎಂದು ಹಿಡಿದರೂ 2,000 ರೂಪಾಯಿ, ಅದೂ ಒಂದು ಸಲಕ್ಕೆ. ಕುದಿಸಿದ ಬೆಳ್ಳುಳ್ಳಿ ಕಷಾಯದಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಅಲಿಸಿನ್ ಹುಟ್ಟಿಸುವ ಕಿಣ್ವ ಶಾಖಕ್ಕೆ ಸತ್ತುಹೋಗುತ್ತದೆ. ಹಸಿಯದನ್ನೇ ಜಜ್ಜಿ, ಸ್ವಲ್ಪ ಹೊತ್ತು ಬಿಟ್ಟು, ಸೋಸಿ ಅದೇ ದಿನ ಸಂಜೆ ಬಳಸಬೇಕು. ಸಸಿಮಡಿಗೆ, ಕೈತೋಟಕ್ಕೆ ಇದು ಒಗ್ಗುತ್ತದೆ. ಮೋಡ ಕವಿದು ಇಬ್ಬನಿ ಸುರಿಯುವ ಕಾಲದಲ್ಲಿ ನಾಲ್ಕೆಕರೆ ಭತ್ತವನ್ನು ಇದೊಂದರ ಮೇಲೆ ಬಿಡಿ ಎಂದು ನಾನಂತೂ ಯಾರಿಗೂ ಹೇಳಲಾರೆ. ಬೇವಿನ ಚಿತ್ರವಿರುವ ಬಾಟಲಿಯನ್ನು ಅಂಗಡಿಯಲ್ಲಿ ಕೊಳ್ಳುವವರು ನೋಂದಣಿ ಸಂಖ್ಯೆ ನೋಡಿ, ರಸೀದಿ ಕೇಳಿ ಪಡೆಯಿರಿ.

ಔಷಧಿಯ ಖರ್ಚು ತಗ್ಗಿಸಲು ಯೂರಿಯಾ ಚೀಲದಿಂದ ಆರಂಭಿಸುವುದು ಲೇಸು. ಸಾರಜನಕ ಅತಿಯಾದ ಪೈರಿನ ಮೆದು ಎಲೆ ಬೆಂಕಿ ರೋಗಕ್ಕೆ ಹಬ್ಬದೂಟ. ಶಿಫಾರಸಿನ ಪ್ರಮಾಣವನ್ನು ಕಂತುಗಳಲ್ಲಿ ಕೊಡಿ. ರೋಗ ಕಂಡ ಗದ್ದೆಗೆ ಮೇಲುಗೊಬ್ಬರವನ್ನು ಕೆಲ ದಿನ ನಿಲ್ಲಿಸಿ. ರೋಗ ಬಂದ ಗದ್ದೆಯ ಹುಲ್ಲನ್ನು ಬದುವಿನ ಮೇಲೆ ಬಿಡಬೇಡಿ, ಬೂಜು ಅದರಲ್ಲಿ ಮುಂದಿನ ಹಂಗಾಮಿನವರೆಗೂ ಬದುಕಿರುತ್ತದೆ.

ಸೋನಾ ಮಸೂರಿ ಬೆಳೆಯುವ ಗಂಗಾವತಿ, ಸಿಂಧನೂರು ಕಡೆಯವರಿಗೆ ಐರೋಪ್ಯ ಮಿತಿ ದೂರದ ಮಾತೆನಿಸಬಹುದು. ನಮ್ಮ ದೇಶದ ಮಿತಿ ಅಷ್ಟು ಬಿಗಿಯಿಲ್ಲವೆಂಬುದೂ ನಿಜ. ಆದರೂ ಮಿತಿ ಇದ್ದೇ ಇದೆ, ಅನ್ನ ಉಣ್ಣುವವರೂ ನಾವೇ. ಪೊಟ್ಟಣದ ಮೇಲೆ ಸಿಂಪಡಣೆಗೂ ಕೊಯ್ಲಿಗೂ ನಡುವೆ ಇರಬೇಕಾದ ದಿನಗಳನ್ನು ಅಚ್ಚು ಮಾಡಿರುತ್ತಾರೆ. ಅಕ್ಷರ ಸಣ್ಣದು, ಓದಲಾಗದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಂಡು, ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿ ಆಮೇಲೆ ಪಂಪು ಹೆಗಲಿಗೇರಿಸಿ.